ಬಂಗುಡೆಗೆ ಐಸ್ ಇದೆ

ಮಂಗಳೂರಿನ ಒಂದು ಲ್ಯಾಬಿನಲ್ಲಿ ಬಯಾಪ್ಸಿ ಬಾಟಲಿಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಒಳಗೆ ಕೆನ್ನೆಯಿಂದ ತೆಗೆದ ಹೆಸರುಕಾಳಿನಷ್ಟು ಮಾಂಸ. ಬಾಯಲ್ಲಿ ಜಗಿಯುವ ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ತೋಟವಿರುವ ನಮ್ಮ ಮನೆಯಲ್ಲಿ ಆ ಮಾತೆತ್ತುವಂತಿಲ್ಲ!

ಬಾಯೊಳಗಿನ ಬಿಳಿ ಮಚ್ಚೆಗಳೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಯಾವುದು ಆದೀತು? ಯಾವ ಜೀನು ಈಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಆರ್‌ಎನ್‌ಎ ಸೀಕ್ವೆನ್ಸಿಂಗ್ ತೋರಿಸುತ್ತದೆ. ಮಚ್ಚೆ, ಗಡ್ಡೆ, ಕುತ್ತಿಗೆಗೆ ಹರಡಿದ ಗಂಟು, ಮೂರನ್ನೂ ಓದಿದರೆ ರೋಗ ಬೆಳೆದ ದಾರಿಯ ಸುಳಿವು ಸಿಗುತ್ತದೆ.

ಆದರೆ ಆರ್‌ಎನ್‌ಎ ಬಂಗುಡೆಯಂತೆ, ತಡಮಾಡಿದರೆ ಕೆಟ್ಟಿತು. ನಾವೋ ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕುತ್ತೇವೆ. ಅದರಲ್ಲಿ ಆರ್‌ಎನ್‌ಎ ಚೂರುಚೂರು. ರೋಗಿ ಒಪ್ಪಿದರೆ ಒಂದು ತುಣುಕನ್ನಾದರೂ ಮೈನಸ್ 80 ಡಿಗ್ರಿಯಲ್ಲಿಡಲು ಜಿಲ್ಲೆಗೊಂದು ಸಾಮೂಹಿಕ ಫ್ರೀಜರ್ ಬೇಕು. ದಕ್ಕೆಯಲ್ಲಿ ಮೀನಿಗೆ ಬೆಳಗ್ಗೆಯೇ ಐಸ್ ಬಂದಿರುತ್ತದೆ.