ಹಾಡಿನ ಜೊತೆ ಅಂಕಿತವೂ ಹೋಗಲಿ



ಹೋದ ವರ್ಷ ಶ್ರಾವಣದ ಒಂದು ಸೋಮವಾರ ರಾತ್ರಿ ನಮ್ಮೂರ ಗುಡಿಯ ಪೌಳಿಯಲ್ಲಿ ಭಜನೆ ನಡೆದಿತ್ತು. ನಾನು ಪೇಟಿಗೆ ಕೂತಿದ್ದೆ. ನಮ್ಮ ಮ್ಯಾಳದ ಹಿರಿಯರು, ಎಪ್ಪತ್ತು ದಾಟಿದ ಅಜ್ಜ, ಏಕತಾರಿ ಮೀಟುತ್ತ ಶಿಶುನಾಳ ಶರೀಫಜ್ಜನ ಒಂದು ಪದ ಎತ್ತಿಕೊಂಡರು. ಅವರ ದನಿ ಈಗ ಮೇಲಿನ ಸ್ಥಾಯಿಯಲ್ಲಿ ಒಡೆಯುತ್ತದೆ. ಆದರೆ ಒಡೆದ ಜಾಗದಿಂದಲೇ ಪದದ ಅರ್ಥ ಹೊರಗೆ ಬರುವ ಹಾಗೆ ಹಾಡುತ್ತಾರೆ. ಯಾರೋ ಒಬ್ಬರು ಕಂಬಕ್ಕೆ ಒರಗಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದರು.

ಹದಿನೈದು ದಿನದ ಮೇಲೆ ಪುಣೆಯಲ್ಲಿರುವ ಸಂಬಂಧಿಕರೊಬ್ಬರು ನನ್ನ ವಾಟ್ಸಾಪಿಗೆ ಒಂದು ರೀಲ್ ಕಳಿಸಿದರು. ಅದೇ ಪೌಳಿ, ಅದೇ ಅಜ್ಜ, ಅದೇ ಪದ. ನಲವತ್ತು ಸೆಕೆಂಡಿನದು. ಮೂಲೆಯಲ್ಲಿ ಯಾವುದೋ ಪೇಜಿನ ಲೋಗೊ, ಕೆಳಗೆ 'ಹಳ್ಳಿ ಪ್ರತಿಭೆ' ಎಂಬ ಎರಡು ಶಬ್ದ. ನಾಲ್ಕು ಲಕ್ಷ ಜನ ನೋಡಿದ್ದರು. ಹಾಡಿದವರ ಹೆಸರಿಲ್ಲ, ಊರಿಲ್ಲ, ಮ್ಯಾಳದ ಹೆಸರಿಲ್ಲ, ಪದ ಯಾರದು ಎಂಬುದೂ ಇಲ್ಲ. ಮರುದಿನ ಅಜ್ಜನ ಮನೆಗೆ ಹೋಗಿ ತೋರಿಸಿದೆ. ಹೆಸರು ಹಾಕಿಲ್ಲವೆಂದು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಫೋನನ್ನು ಕಿವಿಗೆ ಹಚ್ಚಿಕೊಂಡು ಎರಡು ಸಲ ಕೇಳಿ, "ಪದಾ ಪೂರಾ ಇಲ್ಲಲ್ಲೋ ತಮ್ಮಾ. ಅಂಕಿತಾ ಬರೂಕಿಂತ ಮೊದಲ ಕಡದು ಬಿಟ್ಟಾರಲ್ಲ" ಎಂದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ಈ ಮನವಿ ಹುಟ್ಟಿದ್ದು ಅದರಿಂದಲೇ.

ನಮ್ಮ ಹಾಡುಗಳನ್ನು ಕಟ್ಟಿದವರು ಜಾಣರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಪುರಂದರ ವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು, ಶಿಶುನಾಳಧೀಶ ಎಂದರೆ ಶರೀಫರು. ಯಾವ ಊರಿನಲ್ಲಿ ಯಾರೇ ಹಾಡಲಿ, ಯಾವ ಕಾಲದಲ್ಲೇ ಹಾಡಲಿ, ಹಾಡು ತನ್ನ ಗುರುತನ್ನು ತಾನೇ ಹೊತ್ತುಕೊಂಡು ನಡೆಯಬೇಕೆಂದು ಕೊನೆಯ ನುಡಿಯಲ್ಲಿ ಅಂಕಿತವನ್ನು ನೇಯ್ದಿಟ್ಟರು. ಅಚ್ಚಿನ ಮನೆ ಇಲ್ಲದ ಕಾಲದಲ್ಲಿ ಶತಮಾನಗಳ ದಾರಿ ಸವೆಸಿ ನಮ್ಮ ತನಕ ಬಂದ ಆ ಗುರುತು ಈಗ ನಲವತ್ತು ಸೆಕೆಂಡಿನಲ್ಲಿ ಉದುರಿಹೋಗುತ್ತಿದೆ. ರೀಲ್ಸ್ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ, ಕೊನೆಯ ನುಡಿಯನ್ನು ಬಿಟ್ಟುಬಿಡುತ್ತದೆ.

ಹಾಗಾದರೆ ಸಂಗೀತಗಾರರು ಈ ಹೊಸ ಜಾಲತಾಣಗಳಿಗೆ ಹೋಗಬೇಕೋ ಬೇಡವೋ? ನನ್ನ ಉತ್ತರ ನೇರವಾಗಿದೆ. ಹೋಗಬೇಕು. ಆದರೆ ಅಂಕಿತ ಹಾಕಿಕೊಂಡು ಹೋಗಬೇಕು.

ಹೋಗಬೇಕು ಏಕೆಂದು ಮೊದಲು ಹೇಳುತ್ತೇನೆ. ನಮ್ಮಲ್ಲಿ ಅನೇಕ ಹಿರಿಯ ಕಲಾವಿದರು, "ಕಲೆಯನ್ನು ಬೀದಿಗೆ ಇಟ್ಟ ಹಾಗಾಗುತ್ತದೆ, ಹುಡುಕಿಕೊಂಡು ಬರುವವರು ಬರಲಿ" ಎನ್ನುತ್ತಾರೆ. ಆ ಸಂಕೋಚದ ಹಿಂದಿರುವ ಸ್ವಾಭಿಮಾನಕ್ಕೆ ನನ್ನ ನಮಸ್ಕಾರ. ಆದರೆ ಇದೇ ಸಂಕೋಚ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಗ್ರಾಮೊಫೋನ್ ಬಂದಾಗಲೂ ಇತ್ತು. ತವೆಗೆ, ಅಂದರೆ ಗ್ರಾಮೊಫೋನ್ ತಟ್ಟೆಗೆ, ಹಾಡಿದರೆ ದನಿ ಹೋಗುತ್ತದೆ, ವಿದ್ಯೆ ಕಳವಾಗುತ್ತದೆ ಎಂದು ಎಷ್ಟೋ ಉಸ್ತಾದರು ದೂರ ಉಳಿದರು. ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ ದನಿ ಇಂದು ನಮಗೆ ಸಿಗುವುದಿಲ್ಲ. ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಗಾಯನದಲ್ಲಿ ಅದರ ನೆರಳನ್ನು ಹುಡುಕಿಕೊಳ್ಳಬೇಕು, ಅಷ್ಟೇ.

ಇನ್ನೊಂದು ಕಡೆ ಅಬ್ದುಲ್ ಕರೀಂ ಖಾನರು ತವೆಗೆ ಹಾಡಿದರು. ಗದಗಿನ ಅಂಗಡಿಯೊಂದರಲ್ಲಿ ಅವರ ಠುಮ್ರಿಯ ತವೆ ತಿರುಗುತ್ತಿದ್ದಾಗ ಒಬ್ಬ ಹುಡುಗ ಅಲ್ಲೇ ನಿಂತು ಕೇಳಿದ. ಹಾಗೆ ಹಾಡಬೇಕೆಂಬ ಹಟ ಹತ್ತಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಕುಂದಗೋಳಕ್ಕೆ ಬಂದು, ಅದೇ ಖಾನ್‌ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಪಾದದ ಬಳಿ ಕೂತ. ಆ ಹುಡುಗ ಭೀಮಸೇನ ಜೋಶಿ. ಅವತ್ತಿನ ಆ ಅಂಗಡಿ ಇವತ್ತಿನ ಮೊಬೈಲ್ ಪರದೆ ಎಂದುಕೊಳ್ಳಿ. ನಿಮ್ಮ ಹಾಡು ಅಲ್ಲಿ ತಿರುಗದಿದ್ದರೆ, ಅದಕ್ಕಾಗಿ ಮನೆ ಬಿಡಬಲ್ಲ ಹುಡುಗನಿಗೆ ಅದು ಕೇಳುವುದಾದರೂ ಹೇಗೆ?

ಹೊಸ ದಾರಿ ತೆರೆದಾಗಲೆಲ್ಲ ಕನ್ನಡ ಸಂಗೀತ ಬೆಳೆದಿದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. 1950ರಲ್ಲಿ ಧಾರವಾಡ ಆಕಾಶವಾಣಿ ಬಂತು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಪುಸ್ತಕ ಕೊಳ್ಳದವರ ಮನೆಗೂ ಹೋದವು. ಇವತ್ತು ಕೈಯಲ್ಲೊಂದು ಮೊಬೈಲ್ ಇದ್ದರೆ ಮಲೆಮಹದೇಶ್ವರ ಬೆಟ್ಟದ ತಪ್ಪಲಿನ ಕಂಸಾಳೆ ಕಲಾವಿದ ಮೆಲ್ಬರ್ನಿನ ಕನ್ನಡದ ಮನೆಯನ್ನು ತಲುಪಬಹುದು. ಈ ದಾರಿಗೆ ಬೆನ್ನು ತಿರುಗಿಸುವುದು ನಷ್ಟ.

ಇನ್ನು ಅಂಕಿತದ ಮಾತು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆ ತವೆಗಳು ಅಚ್ಚೊತ್ತಲು ಹೋಗುತ್ತಿದ್ದುದು ಜರ್ಮನಿಯ ಹ್ಯಾನೋವರಿಗೆ. ಭಾಷೆ ಗೊತ್ತಿಲ್ಲದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ಗೌಹರ್ ಜಾನ್ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಹೆಸರು ಮಾತ್ರ ಇವತ್ತಿಗೂ ಅವರದೇ ದನಿಯಲ್ಲಿ, ಹಾಡಿನ ಬೆನ್ನಿಗೇ ಕೇಳುತ್ತದೆ. ಲೇಬಲ್ ಕಿತ್ತುಹೋದರೂ ಆ ಹೆಸರು ಅಳಿಯುವುದಿಲ್ಲ.

ಸಂಗೀತಗಾರರಲ್ಲಿ ನನ್ನ ಮೊದಲ ಕೋರಿಕೆ ಇದೇ. ವಿಡಿಯೊದ ಕೆಳಗೆ ಹೆಸರು ಬರೆದರೆ ಸಾಲದು. ಬೇರೆಯವರು ಇಳಿಸಿಕೊಂಡು ಮತ್ತೆ ಹಾಕಿದಾಗ ಬರೆದದ್ದು ಅಲ್ಲೇ ಉಳಿಯುತ್ತದೆ, ದನಿ ಮಾತ್ರ ಹೋಗುತ್ತದೆ. ಆದ್ದರಿಂದ ದನಿಯಲ್ಲೇ ಹೇಳಿ. ಹಾಡುವ ಮೊದಲು ಒಂದೇ ಉಸಿರಿನಲ್ಲಿ ಹೆಸರು, ಊರು, ಮ್ಯಾಳ, ಪದ ಕಟ್ಟಿದವರು, ರಾಗ ಗೊತ್ತಿದ್ದರೆ ರಾಗ ಹೇಳಿಬಿಡಿ. ಜೊತೆಗೆ ಪೇಟಿ, ತಬಲಾ, ತಾಳ ಹಿಡಿದವರ ಹೆಸರೂ ಬರಲಿ. ಸಾಥಿಗೆ ಕೂತವನಾಗಿ ಹೇಳುತ್ತೇನೆ, ಪರದೆಯ ಅಂಚಿನಲ್ಲಿ ಬರೀ ಬೆರಳಾಗಿ ಉಳಿಯುವವರಿಗೂ ಒಂದು ಹೆಸರಿರುತ್ತದೆ.

ಇದು ಕೇವಲ ಮರ್ಯಾದೆಯ ಪ್ರಶ್ನೆಯೂ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಹಾಡಿದವರಿಗೆ, ನುಡಿಸಿದವರಿಗೆ ತಮ್ಮ ಪ್ರದರ್ಶನದ ಜೊತೆ ತಮ್ಮನ್ನು ಗುರುತಿಸಬೇಕೆಂದು ಕೇಳುವ ಹಕ್ಕು ಕೊಟ್ಟಿದೆ. ಬಳಕೆಯ ರೀತಿಯಿಂದಾಗಿ ಹೆಸರು ಬಿಡಲೇಬೇಕಾದ ಸಂದರ್ಭ ಮಾತ್ರ ಅದಕ್ಕೆ ಹೊರತು. ನಾಲ್ಕು ಲಕ್ಷ ಜನರಿಗೆ ಹಾಡು ತೋರಿಸುವ ಪೇಜಿಗೆ ಒಂದು ಸಾಲಿನ ಹೆಸರು ಹಾಕಲು ಜಾಗವಿಲ್ಲ ಎಂದರೆ ನಂಬುವ ಮಾತಲ್ಲ.

ಎರಡನೆಯದು, ಬೀಜದ ಕಾಳು. ರೈತ ಸಂತೆಗೆ ಎಷ್ಟೇ ಚೀಲ ಒಯ್ದರೂ ಬಿತ್ತನೆಯ ಕಾಳನ್ನು ಮನೆಯಲ್ಲಿ ಇಟ್ಟೇ ಹೋಗುತ್ತಾನೆ. ನಮ್ಮಲ್ಲಿ ಎಷ್ಟೋ ಜನ ಇದ್ದಬದ್ದ ಹಾಡನ್ನೆಲ್ಲ ಜಾಲತಾಣಕ್ಕೆ ಏರಿಸಿ, ಫೋನಿನಲ್ಲಿ ಜಾಗವಿಲ್ಲವೆಂದು ಮೂಲವನ್ನು ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಾಲಕ್ಕೆ ಜಗತ್ತಿನ ಎಷ್ಟೋ ಹೊಸ ಸಂಗೀತಗಾರರು ಸಾಮಾಜಿಕ ಜಾಲತಾಣ ಮೈಸ್ಪೇಸ್‌ನಲ್ಲಿದ್ದರು. 2016ಕ್ಕಿಂತ ಮೊದಲು ಅಲ್ಲಿಗೆ ಏರಿಸಿದ ಹಾಡುಗಳು ಸರ್ವರ್ ಬದಲಿಸುವಾಗ ನಾಶವಾದವೆಂದು 2019ರಲ್ಲಿ ಹೊರಗೆ ಬಂತು. ಅಂದಾಜು 5 ಕೋಟಿ ಹಾಡುಗಳು ಹೋದವು. ಟಿಕ್‌ಟಾಕ್ ನಮ್ಮ ಹಳ್ಳಿಯ ಎಷ್ಟೋ ಹಾಡುಗಾರರಿಗೆ ಮೊದಲ ವೇದಿಕೆಯಾಗಿತ್ತು. 2020ರ ಜೂನ್ 29ರಂದು ಅದು ನಿಷೇಧವಾಯಿತು, ಕಟ್ಟಿಕೊಂಡಿದ್ದ ಕೇಳುಗರ ಬಳಗವೂ ಚದುರಿತು. ಬೆಂಗಳೂರಿನಲ್ಲೇ ಹುಟ್ಟಿದ ಜಾಲತಾಣ 'ಕೂ' 2024ರ ಜುಲೈನಲ್ಲಿ ಬಾಗಿಲು ಹಾಕಿತು. ಇಂದು ನಾವು ನೆಚ್ಚಿಕೊಂಡ ತಾಣ ನಾಳೆ ಇರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಮೂಲ ಧ್ವನಿಮುದ್ರಣವನ್ನು ಒಂದು ಹಾರ್ಡ್‌ಡಿಸ್ಕಿನಲ್ಲಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿ ಇಡಿ. ನಿಮ್ಮನ್ನು ಇಷ್ಟಪಡುವ ಕೇಳುಗರ ಫೋನ್ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾವ ಕಂಪನಿ ಮುಚ್ಚಿದರೂ ಆ ನೋಟ್‌ಬುಕ್ ನಿಮ್ಮದು.

ಮೂರನೆಯದು, ತುಣುಕನ್ನು ಕರೆಯೋಲೆಯಾಗಿ ಬಳಸಿ. ಹಳೆಯ ತವೆಯ ಒಂದು ಬದಿಗೆ ಮೂರು ಮೂರೂವರೆ ನಿಮಿಷವಷ್ಟೇ ಹಿಡಿಯುತ್ತಿತ್ತು. ಆಗಿನ ಗವಾಯಿಗಳು ಅಷ್ಟರೊಳಗೇ ರಾಗದ ಜೀವ ತುಂಬಿದರು. ಆದರೆ ಬೈಠಕ್ಕಿನಲ್ಲಿ ಕೂತಾಗ ಅದೇ ರಾಗವನ್ನು ಗಂಟೆಗಟ್ಟಲೆ ಹಾಡಿದರು. ತವೆಗಾಗಿ ಬೈಠಕ್ಕನ್ನು ಕತ್ತರಿಸಲಿಲ್ಲ. ಇವತ್ತು ಮೊದಲ ಮೂರು ಸೆಕೆಂಡಿನಲ್ಲೇ ಹಿಡಿದು ನಿಲ್ಲಿಸಬೇಕೆಂದು ಆಲಾಪ ಬಿಟ್ಟು ತಾನಿಗೆ ಹಾರುವುದು, ತತ್ವಪದಕ್ಕೆ ಡಿಜೆ ತಾಳ ಹಾಕುವುದು ನಡೆದಿದೆ. ಆ ಒತ್ತಡಕ್ಕೆ ಬಾಗಬೇಡಿ. ತುಣುಕು ಹಾಕಿ, ಪೂರ್ಣ ಹಾಡು ಎಲ್ಲಿ ಸಿಗುತ್ತದೆಂದು ಅದರಲ್ಲೇ ಹೇಳಿ. ಪೂರ್ಣ ಹಾಡಿನಲ್ಲಿ ಅಂಕಿತದ ತನಕ ಹಾಡಿ.

ಹಣದ ವಿಚಾರವನ್ನೂ ಬಿಚ್ಚಿ ಹೇಳಬೇಕು, ಏಕೆಂದರೆ ಆಸೆ ಹುಟ್ಟಿಸುವವರು ಬಹಳ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಅಥವಾ ತೊಂಬತ್ತು ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಆಗಿರಬೇಕು. ಸ್ಪಾಟಿಫೈನಲ್ಲಿ 2024ರಿಂದ, ವರ್ಷಕ್ಕೆ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರಾಯಲ್ಟಿ ಇಲ್ಲ. ನಮ್ಮ ಹೆಚ್ಚಿನ ಕಲಾವಿದರಿಗೆ ಜಾಲತಾಣದ ಲಾಭ ಈ ಪಾಲಿನಿಂದ ಬರುವುದಿಲ್ಲ. ಅದನ್ನು ನೋಡಿ ಯಾರೋ ಜಾತ್ರೆಗೆ, ಮದುವೆಗೆ, ಪಾಠಕ್ಕೆ ಕರೆದಾಗ ಬರುತ್ತದೆ. ಕರೆಯಬೇಕಾದರೆ ಹೆಸರು, ಊರು ಗೊತ್ತಿರಬೇಕು. ಅಂಕಿತ ಕತ್ತರಿಸಿದವರು ಕಲಾವಿದರ ಆ ಅನ್ನವನ್ನೂ ಕತ್ತರಿಸಿದ ಹಾಗೆ.

ಈಗ ಕೇಳುಗರಲ್ಲಿ ಕೈಮುಗಿದು ಕೇಳುತ್ತೇನೆ. ಹೆಸರಿಲ್ಲದ ಹಾಡು ನಿಮ್ಮ ಫೋನಿಗೆ ಬಂದರೆ ಹಾಗೇ ಫಾರ್ವರ್ಡ್ ಮಾಡಬೇಡಿ. "ಇವರು ಯಾರು?" ಎಂದು ಕೆಳಗೆ ಕೇಳಿ. ಗೊತ್ತಿದ್ದರೆ ನೀವೇ ಬರೆಯಿರಿ. ಹತ್ತು ಜನ ಕೇಳಿದರೆ ಪೇಜು ನಡೆಸುವವರಿಗೂ ಉತ್ತರ ಕೊಡಲೇಬೇಕಾಗುತ್ತದೆ. ಭಜನೆಯಲ್ಲಿ, ಬಯಲಾಟದಲ್ಲಿ, ಕಛೇರಿಯಲ್ಲಿ ವಿಡಿಯೊ ಮಾಡುವ ಮುನ್ನ ಒಂದು ಮಾತು ಕೇಳಿ, ಮುಗಿದ ಮೇಲೆ ಅವರಿಗೂ ಒಂದು ಪ್ರತಿ ಕಳಿಸಿ. ಲೈಕ್ ಒತ್ತಿದ ಕಲಾವಿದರು ನಿಮ್ಮೂರ ಹತ್ತಿರ ಬಂದಾಗ ಹೋಗಿ ಮುಂದಿನ ಸಾಲಿನಲ್ಲಿ ಕೂತು ಕೇಳಿ.

ಕಾರ್ಯಕ್ರಮ ನಡೆಸುವ ಸಂಘಗಳಿಗೆ, ಹೊರನಾಡಿನ ಮತ್ತು ಹೊರದೇಶದ ಕನ್ನಡ ಕೂಟಗಳಿಗೂ ಒಂದು ಮಾತು. ನೇರಪ್ರಸಾರ ಮಾಡುವಾಗ ನಿಮ್ಮ ಸಂಘದ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಕಲಾವಿದರ ಹೆಸರು ಹಾಕಿ. 'ಪ್ರಚಾರ ಸಿಗುತ್ತದೆ' ಎಂಬ ಮಾತನ್ನು ಸಂಭಾವನೆಯ ಜಾಗದಲ್ಲಿ ಇಡಬೇಡಿ.

ಮನೆಯಲ್ಲಿರುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಬಹಳ ಭರವಸೆ ಇಟ್ಟಿದ್ದೇನೆ. ನಿಮ್ಮಜ್ಜನಿಗೆ ನೂರು ಪದ ಬರುತ್ತವೆ, ಅಪ್‌ಲೋಡ್ ಮಾಡಲು ಬರುವುದಿಲ್ಲ. ನಿಮಗೆ ಅಪ್‌ಲೋಡ್ ಬರುತ್ತದೆ. ವಾರಕ್ಕೊಂದು ಸಂಜೆ ಅವರ ಎದುರು ಕೂತು ಒಂದೊಂದೇ ಪದ ಹಾಡಿಸಿಕೊಳ್ಳಿ. ಫ್ಯಾನ್ ನಿಲ್ಲಿಸಿ, ಟಿವಿ ಆರಿಸಿ, ಫೋನನ್ನು ಮೂರು ಅಡಿ ದೂರದಲ್ಲಿ ಸ್ಥಿರವಾಗಿ ಇಡಿ. ಅಷ್ಟು ಸಾಕು.

ಈ ಶ್ರಾವಣದಲ್ಲಿ ನಮ್ಮ ಮ್ಯಾಳವೂ ಹಾಗೇ ಮಾಡಿತು. ಅದೇ ಪೌಳಿಯಲ್ಲಿ ಅದೇ ಪದವನ್ನು ಅಜ್ಜನ ಮೊಮ್ಮಗಳು ತನ್ನ ಫೋನಿನಲ್ಲಿ ಹಿಡಿದಳು. ಹೆಸರು ಹೇಳಿರಿ ಎಂದಾಗ ಅಜ್ಜ ಮೊದಲು ತಮಗೆ ಪದ ಕಲಿಸಿದ ಗುರುವಿನ ಹೆಸರು ಹೇಳಿದರು, ಆಮೇಲೆ ಊರು, ಆಮೇಲೆ ಮ್ಯಾಳ, ಎಲ್ಲದರ ಕೊನೆಗೆ ತಮ್ಮದು. ಆರೂವರೆ ನಿಮಿಷ, ಅಂಕಿತದ ತನಕ ಹಾಡಿದರು. ನೋಡಿದವರು ಇನ್ನೂ ಸಾವಿರ ದಾಟಿಲ್ಲ. ಆದರೆ ಮೂರನೆಯ ವಾರ ಎರಡು ತಾಲ್ಲೂಕು ಆಚೆಯ ಒಂದು ಮ್ಯಾಳದಿಂದ ಫೋನ್ ಬಂತು. "ಅಜ್ಜಾರ, ಆ ಪದದ ಧಾಟಿ ನಮಗೂ ಕಲಿಸಿಕೊಡ್ರಿ. ಬರೂ ಅಮಾಸಿಗೆ ನಾಲ್ಕು ಮಂದಿ ಬರ್ತೀವಿ" ಎಂದರು. ನಾಲ್ಕು ಲಕ್ಷ ಜನ ನೋಡಿದ ಆ ರೀಲ್‌ನಿಂದ ಇಂಥ ಒಂದು ಕರೆಯೂ ಬಂದಿರಲಿಲ್ಲ. ಬರುವುದಾದರೂ ಹೇಗೆ, ಯಾರಿಗೆ ಫೋನ್ ಮಾಡಬೇಕೆಂದು ಅದರಲ್ಲಿ ಇರಲೇ ಇಲ್ಲ.

ಬಂಧುಗಳೇ, ಹಾಡನ್ನು ಕಳಿಸಿ, ದೂರಕ್ಕೆ ಕಳಿಸಿ. ಆದರೆ ಕಟ್ಟಿದವರ ಹೆಸರು, ಹಾಡಿದವರ ಹೆಸರು, ಊರಿನ ಹೆಸರು ಕಟ್ಟಿ ಕಳಿಸಿ. ನಿಮ್ಮ ಫೋನಿನಲ್ಲಿ ಈಗ ಇರುವ ಒಂದು ಹೆಸರಿಲ್ಲದ ಹಾಡಿನಿಂದಲೇ ಇವತ್ತು ಶುರು ಮಾಡಿ ಎಂದು ನಿಮ್ಮಲ್ಲಿ ನನ್ನ ಮನವಿ.