ಹೇಳಿದವರು ಯಾರು, ಮಗೂ?



‘ನಾಳೆಯಿಂದ ನಳಕ್ಕೆ ನೀರು ಬರೋದಿಲ್ಲವಂತೆ.’ ‘ಶಾಲೆಗೆ ರಜೆಯಂತೆ.’ ‘ಊರಂಚಿಗೆ ಹುಲಿ ಬಂದಿತ್ತಂತೆ.’ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ನಮ್ಮ ಕಡೆಯ ಯಾವ ಓಣಿಗೆ ಹೋದರೂ ದಿನಕ್ಕೆ ಹತ್ತು ‘ಅಂತೆ’ ಕಿವಿಗೆ ಬೀಳುತ್ತವೆ. ಹಿಂದೆ ಅವು ಓಣಿಯ ತುದಿ ಮುಟ್ಟುವುದರೊಳಗೆ ಸುಸ್ತಾಗುತ್ತಿದ್ದವು. ಈಗ ವಾಟ್ಸಾಪ್ ಇದೆ ನೋಡಿ, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಜಿಲ್ಲೆ ದಾಟಿರುತ್ತವೆ.

ಇದು ನಕ್ಕು ಬಿಡುವ ಮಾತಲ್ಲ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಪರಊರಿನವರನ್ನು ‘ಮಕ್ಕಳ ಕಳ್ಳರು’ ಎಂದು ಹಬ್ಬಿಸಿದರು. ಜನ ಗುಂಪುಗೂಡಿ ಹೊಡೆದರು. ಒಬ್ಬ ತರುಣ ಸತ್ತೇ ಹೋದ. ‘ಹೇಳಿದವರು ಯಾರು? ಕಂಡವರು ಯಾರು?’ ಎಂದು ಮೊದಲೇ ನಾಲ್ಕು ಜನ ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತೋ ಏನೋ.

ಹಾಗೆ ಕೇಳುವುದನ್ನು ಕಲಿಸುವ ವಿದ್ಯೆಯೇ ಪತ್ರಿಕೋದ್ಯಮ. ಅದಕ್ಕೆ ಕಾಲೇಜಿನತನಕ ಕಾಯಬೇಕಿಲ್ಲ, ಎಂಟನೇ ತರಗತಿಯ ಮಕ್ಕಳಿಗೂ ಸಾಧ್ಯ. ಹೈಸ್ಕೂಲಿನ ಕನ್ನಡ ಮಾಸ್ತರರೋ ಬಾಯಿಯವರೋ ಮನಸ್ಸು ಮಾಡಿ ಒಂದು ಗೋಡೆ ಪತ್ರಿಕೆ ಆರಂಭಿಸಿದರೆ ಸಾಕು. ಖರ್ಚು ಎಷ್ಟು? ಒಂದು ಡ್ರಾಯಿಂಗ್ ಶೀಟು, ಎರಡು ಪೆನ್ನು, ಸ್ವಲ್ಪ ಅಂಟು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ 1950ರ ದಶಕದಿಂದಲೂ ಇದೆ. ಕಾಗದ ನಮ್ಮಲ್ಲೇ ಹುಟ್ಟುವಾಗ ಅದರ ಮೇಲೆ ನಮ್ಮ ಊರಿನ ಸುದ್ದಿ ಬೇಡವೇ?

ಮೊದಲ ಪಾಠ ಆರು ಪ್ರಶ್ನೆ: ಏನು, ಯಾರು, ಎಲ್ಲಿ, ಯಾವಾಗ, ಯಾಕೆ, ಹೇಗೆ. ನಳದ ‘ಅಂತೆ’ಯನ್ನೇ ತೆಗೆದುಕೊಳ್ಳಿ. ಮಗು ನೀರು ಬಿಡುವವರನ್ನು ಕೇಳಿಕೊಂಡು ಬರಲಿ. ಆಮೇಲೆ ಹೀಗೆ ಬರೆಯಲಿ: ‘ಪೈಪು ಒಡೆದ ಕಾರಣ ನಮ್ಮ ಓಣಿಗೆ ಬುಧವಾರದವರೆಗೆ ನೀರು ಬರುವುದಿಲ್ಲ ಎಂದು ನೀರು ಬಿಡುವವರು ತಿಳಿಸಿದರು.’ ಮುಖ್ಯ ಸಂಗತಿ ಮೊದಲ ಸಾಲಿನಲ್ಲೇ ಬಂತು, ಹೇಳಿದವರು ಯಾರೆಂಬುದೂ ಬಂತು. ‘ಅಂತೆ’ ಹೋಗಿ ಸುದ್ದಿಯಾಯಿತು! ಕಥೆಯಲ್ಲಿ ಗುಟ್ಟನ್ನು ಕೊನೆಗೆ ಇಡುತ್ತೇವೆ, ಸುದ್ದಿಯಲ್ಲಿ ಮೊದಲೇ ಹೇಳಿಬಿಡುತ್ತೇವೆ.

ಬರೆಯಲು ವಿಷಯಕ್ಕೇನು ಬರ? ಜೋಯಿಡಾ ಕಡೆಯ ಹುಡುಗ, ಆಣೆಕಟ್ಟಿನ ನೀರಿನಲ್ಲಿ ಮುಳುಗಿದ ಸೂಪಾ ಊರನ್ನು ಕಂಡ ಅಜ್ಜಿಯನ್ನು ಕೇಳಲಿ: ಮನೆ ಬಿಡುವಾಗ ಏನೇನು ಹೊತ್ತು ತಂದಿರಿ? ಮುಂಡಗೋಡದ ಹುಡುಗಿ, 1966ರಿಂದ ಅಲ್ಲಿ ನೆಲೆಸಿರುವ ಟಿಬೆಟಿಯನ್ನರ ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ತಿಳಿದು ಬರೆಯಲಿ. ಹಳಿಯಾಳದ ಮಕ್ಕಳು ಕಬ್ಬು ಕಡಿಯುವವರ ಒಂದು ದಿನದ ದುಡಿಮೆಯನ್ನು ನೋಡಿ ಬರಲಿ. ಸಿದ್ದಿ, ಗೌಳಿ, ಕುಣಬಿ ಮನೆಗಳ ಮಕ್ಕಳು ತಮ್ಮವರ ಮಾತನ್ನು ತಾವೇ ಬರೆಯಲಿ. ಬೇರೆಯವರು ಬಂದು ಬರೆಯಲೆಂದು ಯಾಕೆ ಕಾಯಬೇಕು?

ಇನ್ನು ಎರಡು ಕಟ್ಟಳೆ. ಜಗಳದ ಸುದ್ದಿಯಾದರೆ ಎರಡೂ ಕಡೆಯವರನ್ನು ಕೇಳಬೇಕು. ಇನ್ನೊಬ್ಬರ ಮಾನಕ್ಕೆ ಕುಂದು ತರುವ ಮನೆಮಾತು ಗೋಡೆ ಏರಬಾರದು. ಹೆಸರು, ದಿನಾಂಕಗಳನ್ನು ಎರಡು ಸಲ ನೋಡಬೇಕೆಂಬುದನ್ನಂತೂ ಬೇರೆ ಹೇಳಬೇಕಿಲ್ಲ.

‘ಹೆಣ್ಣುಹುಡುಗಿಗೆ ಯಾಕ್ರೀ ಊರ ಉಸಾಬರಿ?’ ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ನಂಜನಗೂಡು ತಿರುಮಲಾಂಬ ಅವರ ಹೆಸರು ಹೇಳಿ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಆಕೆ, ನೂರು ವರ್ಷಗಳ ಹಿಂದೆಯೇ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಆರಂಭಿಸಿದರು. ಪ್ರಶ್ನೆ ಕೇಳಲು ಕಲಿತ ಹುಡುಗಿ ನಾಳೆ ರೇಶನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ತನ್ನ ಮದುವೆಯ ಮಾತುಕತೆಯಲ್ಲಿ ತಲೆ ತಗ್ಗಿಸಿ ಕೂಡುವುದಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ ಹೊರತಂದದ್ದು 1843ರ ಜುಲೈ 1ರಂದು. ನಾವು ಆ ದಿನವನ್ನೇ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಗೋಡೆ ಪತ್ರಿಕೆಗೆ ಅದೇ ಒಳ್ಳೆಯ ಮುಹೂರ್ತ. ಶಾಲೆಯವರ ಕಿವಿಗೆ ಈ ಮಾತು ಹಾಕಿ. ಅಲ್ಲಿಯತನಕ ಮನೆಯಲ್ಲೇ ಅಭ್ಯಾಸವಾಗಲಿ. ಇಂದು ಸಂಜೆ ಮಗು ‘ಹಂಗಂತೆ ಅವ್ವಾ’ ಎಂದು ಓಡಿ ಬಂದರೆ ಗದರಬೇಡಿ. ‘ಹೇಳಿದವರು ಯಾರು, ಮಗೂ?’ ಎಂದು ಕೇಳಿ. ಮುಂದಿನ ಸಲ ನಿಮ್ಮ ಬಾಯಿಂದ ‘ಅಂತೆ’ ಬಂದಾಗ ಅದು ನಿಮ್ಮನ್ನೇ ಹಾಗೆ ಕೇಳಿದರೆ, ಸಿಟ್ಟಾಗಬೇಡಿ ಮತ್ತೆ!