ಸೇತುವೆಯ ಕೀಲಿ ಯಾರ ಕೈಯಲ್ಲಿ?

ಬ್ಲಾಕ್‌ಚೈನ್ ಎಂದರೆ ಸುಲಭಕ್ಕೆ ತಿದ್ದಲಾಗದ ಲೆಕ್ಕದ ಪುಸ್ತಕ ಎಂದು ನಾವು ತರಗತಿಯಲ್ಲಿ ಕೇಳಿದ್ದೇವೆ. ಆದರೆ ಇಂಥ ಪುಸ್ತಕ ಒಂದೇ ಅಲ್ಲ. ಬಿಟ್‌ಕಾಯಿನ್‌ನದು ಒಂದು, ಇಥೀರಿಯಂನದು ಇನ್ನೊಂದು. ಒಂದರಲ್ಲಿ ಬರೆದದ್ದು ಮತ್ತೊಂದಕ್ಕೆ ತಾನಾಗಿ ತಿಳಿಯುವುದಿಲ್ಲ. ಹಾಗಾದರೆ ಹಣ ಅತ್ತಿಂದಿತ್ತ ಹೋಗುವುದು ಹೇಗೆ?

ಅದಕ್ಕಿರುವುದೇ ‘ಬ್ರಿಡ್ಜ್’. ಹಲವು ಬ್ರಿಡ್ಜ್‌ಗಳಲ್ಲಿ ನಾಣ್ಯ ಎಲ್ಲಿಗೂ ಹೋಗುವುದಿಲ್ಲ. ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬ್ಯಾಗ್ ಇಟ್ಟು ಚೀಟಿ ಪಡೆಯುತ್ತೇವಲ್ಲ, ಹಾಗೆ ಒಂದು ಜಾಲದಲ್ಲಿ ನಾಣ್ಯವನ್ನು ಲಾಕ್ ಮಾಡಿ, ಇನ್ನೊಂದರಲ್ಲಿ ಅಷ್ಟೇ ಮೌಲ್ಯದ ಟೋಕನ್ ಕೊಡುತ್ತಾರೆ. ಬ್ಯಾಗ್ ಕಳವಾದರೆ ಚೀಟಿ ಬರೀ ಕಾಗದ.

2022ರ ಮಾರ್ಚ್‌ನಲ್ಲಿ ಆದದ್ದು ಅದೇ. ‘ಆಕ್ಸಿ ಇನ್ಫಿನಿಟಿ’ ಆಟಕ್ಕಾಗಿ ಕಟ್ಟಿದ್ದ ರೋನಿನ್ ಬ್ರಿಡ್ಜ್‌ನಲ್ಲಿ ಒಂಬತ್ತು ವ್ಯಾಲಿಡೇಟರ್‌ಗಳಿದ್ದವು. ಐದರ ಸಹಿ ಇದ್ದರೆ ಹಣ ಹೊರಬರುತ್ತಿತ್ತು. ನಾಲ್ಕು ಕೀಲಿಗಳು ಸ್ಕೈ ಮಾವಿಸ್ ಎಂಬ ಒಂದೇ ಕಂಪನಿಯ ಬಳಿ ಇದ್ದವು. ಐದನೆಯ ಸಹಿ ಸಿಕ್ಕಿದ್ದು, ಹಿಂದೆ ಕೊಟ್ಟು ವಾಪಸ್ ಪಡೆಯಲು ಮರೆತಿದ್ದ ಒಂದು ಅನುಮತಿಯಿಂದ. 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ, ಅಂದರೆ 60 ಕೋಟಿ ಡಾಲರ್‌ಗೂ ಹೆಚ್ಚು ಕಳವಾಯಿತು. ಆರು ದಿನ ಯಾರಿಗೂ ಗೊತ್ತಾಗಲಿಲ್ಲ. ಬಳಕೆದಾರರೊಬ್ಬರಿಗೆ 5,000 ಈಥರ್ ತೆಗೆಯಲಾಗದಿದ್ದಾಗ ವಿಷಯ ಹೊರಬಿತ್ತು. ಇದು ಉತ್ತರ ಕೊರಿಯಾದ ಲಜಾರಸ್ ಗುಂಪಿನ ಕೃತ್ಯ ಎಂದು ಅಮೆರಿಕದ ಎಫ್‌ಬಿಐ ಹೇಳಿತು.

ಉದ್ಯೋಗ ಹುಡುಕುತ್ತಿರುವ ನಮಗೆ ಮುಖ್ಯವಾದ ಸಂಗತಿ ಮುಂದಿದೆ. ಕಳ್ಳರು ಕಂಪನಿಯ ಎಂಜಿನಿಯರ್ ಒಬ್ಬರಿಗೆ ನಕಲಿ ಕೆಲಸದ ಆಸೆ ತೋರಿಸಿ, ಸಂದರ್ಶನವನ್ನೂ ನಡೆಸಿ, ಪಿಡಿಎಫ್ ಆಫರ್ ಲೆಟರ್‌ನಲ್ಲಿ ಕುತಂತ್ರಾಂಶ ಕಳಿಸಿದ್ದರೆಂದು ಆಮೇಲೆ ವರದಿಯಾಯಿತು. ಗಣಿತದ ಬೀಗ ಮುರಿಯಬೇಕಾಗಲಿಲ್ಲ. ಕೀಲಿ ಇದ್ದ ಮನೆಯೊಳಗೆ ಹೊಕ್ಕರೆ ಸಾಕಾಯಿತು.

ಬೇರೆ ದಾರಿಯೂ ಇದೆ. ಕಾಸ್ಮೋಸ್ ಜಾಲಗಳು 2021ರಿಂದ ಬಳಸುತ್ತಿರುವ ಐಬಿಸಿ ವಿಧಾನದಲ್ಲಿ ಒಂದು ಜಾಲವು ಇನ್ನೊಂದರ ದಾಖಲೆಯನ್ನು ತಾನೇ ಪರಿಶೀಲಿಸುತ್ತದೆ. ನಡುವೆ ಕೀಲಿ ಹಿಡಿದ ಪ್ರತ್ಯೇಕ ಗುಂಪು ಬೇಕಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ, ಕೋಡ್‌ನಲ್ಲಿ ದೋಷವಿದ್ದರೆ ಅಲ್ಲೂ ತೂತು ಬೀಳಬಹುದು.

‘ಮಧ್ಯವರ್ತಿ ಇಲ್ಲದ ವ್ಯವಸ್ಥೆ’ ಎಂಬ ಜಾಹೀರಾತನ್ನು ನಾನು ಪೂರ್ತಿ ನಂಬಲಾರೆ. ರೋನಿನ್ ಬಳಕೆದಾರರ ನಷ್ಟ ತುಂಬಿಕೊಡಲು ಕೊನೆಗೆ ಮುಂದೆ ಬರಬೇಕಾದದ್ದೂ ಆ ಕಂಪನಿಯೇ. ಹಣ ಹಾಕುವವರಾಗಲಿ, ಈ ಕ್ಷೇತ್ರದಲ್ಲಿ ಕೆಲಸ ಅರಸುವವರಾಗಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೀಲಿ ಎಷ್ಟು ಜನರ ಬಳಿ ಇದೆ, ಅವರು ಯಾರು? ಜೊತೆಗೆ, ಗುರುತಿಲ್ಲದವರು ಕಳಿಸಿದ ಆಫರ್ ಲೆಟರ್ ತೆರೆಯುವ ಮುನ್ನ ಆ ಕಂಪನಿಗೆ ಒಂದು ಫೋನ್ ಮಾಡಿ ವಿಚಾರಿಸೋಣ.